ಹಳ್ಳದ ಮೇಲುಗಡೆ ತೋಡಿದ ಒರತೆ

ಪೀಟರ್ ಆ ಕೊಡವನ್ನು ಒರತೆಯ ನೀರಿಗೆ ಅದ್ದಿದಾಗ ಆದ ಸದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮೈಸೂರಿನ ನಮ್ಮ ಬಚ್ಚಲಲ್ಲಿ ಯಾರಾದರೂ ಹಂಡೆಗೆ ಚೊಂಬು ಅದ್ದಿದರೂ ನಾನು ಕೈಯಲ್ಲಿನ ಕೆಲಸ ನಿಲ್ಲಿಸಿ ಕಿವಿಗೊಡುತ್ತೇನೆ. ಗುಳುಗುಳು ಎಂಬ ಆ ಸದ್ದಿನ ಹಿಂದೆಯೇ ಹೆಂಗಸೊಬ್ಬಳ ಕೂಗು ಬರುತ್ತದೇನೋ ಎಂದು ಕಾಯುತ್ತೇನೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಇಂಗ್ಲಿಷ್ ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದೆ. ಡೆನ್ಮಾರ್ಕಿನ ಕಾಲೇಜೊಂದರ ಅಧ್ಯಾಪಕಿ ಕರೀನ್ ತಮ್ಮ ನಾಲ್ವರು ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮ ದೇಶಕ್ಕೆ ಬಂದಿದ್ದರು. ನೀರು ಕಡಿಮೆಯಿರುವ ಸೀಮೆಯಲ್ಲಿ ಜನ ಅದನ್ನು ಹೇಗೆ ಉಳಿಸುತ್ತಾರೆ, ಹೇಗೆ ಹಂಚಿಕೊಳ್ಳುತ್ತಾರೆ, ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಕಲಿಸುವುದು ಅವರ ಉದ್ದೇಶ. ಕನ್ನಡ ಬಲ್ಲ ದುಭಾಷಿ ಬೇಕಾಗಿತ್ತು, ನಾನು ಹೊರಟೆ. ಅವರಿಗೆ ಅದು ವಿದೇಶ ಪ್ರವಾಸ. ನನಗೂ ಹಾಗೆಯೇ ಆಯಿತು ಎಂದರೆ ಮೈಸೂರಿನವರು ನಗಬಾರದು.

ಲಿಂಗಸೂಗೂರು

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ತಿಂಡಿ ಏನಿದೆ ಎಂದು ಕೇಳಿದೆ.

"ಒಗ್ಗರಣಿ ಐತ್ರಿ."

"ಬರೀ ಒಗ್ಗರಣೆ ತಿನ್ನೋದು ಹೇಗೆ?"

"ಬಾಯಿಲೆ ತಿನ್ನೂದ್ರಿ," ಎಂದ ಹೋಟೆಲಿನವನು. ಸುತ್ತ ಕುಳಿತವರೆಲ್ಲ ನಕ್ಕರು. ಬಂದದ್ದು ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬೆರಳುದ್ದದ ಮೆಣಸಿನಕಾಯಿ ಬಜ್ಜಿ. ಕರೀನ್ ನನ್ನತ್ತ ನೋಡಿ, "ಇದು ನಿನ್ನದೇ ಭಾಷೆ ತಾನೇ?" ಎಂದರು. ಹೌದು ಎಂದೆ, ಅಷ್ಟು ಗಟ್ಟಿಯಾಗಿ ಅಲ್ಲ.

ಅಲ್ಲಿಯೇ ನಮಗೆ ಖಾಜಾಸಾಬ್ ಸಿಕ್ಕಿದ್ದು. ಜೀಪು ಓಡಿಸುವವರು, ಐವತ್ತರ ಆಸುಪಾಸು, ಹೆಗಲ ಮೇಲೆ ಯಾವಾಗಲೂ ಒಂದು ಟವೆಲ್ಲು. ನನ್ನ ಮಾತು ಕೇಳಿ, "ಮೇಡಮ್ಮಾರ, ಈ ಬಿಳೇ ಮಂದಿ ಮಾತು ನಿಮಗ ತಿಳಿತೈತಿ. ನಮ್ಮ ಮಾತು ತಿಳಿಯಂಗಿಲ್ಲ. ನಿಮಗೂ ಒಬ್ಬ ದುಭಾಷಿ ಬೇಕಲ್ರಿ," ಎಂದರು. ಆ ಕೆಲಸವನ್ನು ತಾವೇ ವಹಿಸಿಕೊಂಡರು.

ಕರೀನ್ ಅವರದು ಎರಡೇ ನಿಯಮ. ವಿದ್ಯಾರ್ಥಿಗಳು ನೋಡಿ ಸುಮ್ಮನಾಗಬಾರದು, ತಮ್ಮ ಕೈಯಿಂದ ಮಾಡಿ ಕಲಿಯಬೇಕು. ಎರಡನೆಯದು ನನಗೆ. "ಕೂಡಿಸಬೇಡ, ಕಳೆಯಬೇಡ. ನೀನು ನೀರಿನ ಕೊಳವೆ ಇದ್ದ ಹಾಗೆ. ಈ ಕಡೆಯಿಂದ ಬಂದದ್ದು ಹಾಗೆಯೇ ಆ ಕಡೆ ಹೋಗಬೇಕು." ನಮ್ಮಲ್ಲಿ ಹೆಣ್ಣುಗಂಡು ಮಾತುಕತೆಗೆ ಓಡಾಡುವವರು ಹಾಗೆ ಮಾಡಿದ್ದರೆ ಒಂದು ಮದುವೆಯೂ ಆಗುತ್ತಿರಲಿಲ್ಲ ಎಂದೆ. ಅವರು ನಗಲಿಲ್ಲ.

ಹಟ್ಟಿ

ಹಟ್ಟಿಗೆ ಹೋದಾಗ ಬಂಗಾರದ ಗಣಿಯ ಪಾಳಿ ಬಿಟ್ಟಿತ್ತು. ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಧೂಳು ಮೆತ್ತಿದ ಮುಖದ ಗಂಡಸರು ಕಂಪನಿ ಮನೆಗಳತ್ತ ಸಾಲಾಗಿ ನಡೆಯುತ್ತಿದ್ದರು. ನಾಲ್ವರು ವಿದ್ಯಾರ್ಥಿಗಳಲ್ಲಿ ಕೆಂಪು ಕೂದಲಿನ ಪೀಟರ್ ಎಂಬವನು ಅವರನ್ನೇ ನೋಡುತ್ತ ನಿಂತ.

"ನನ್ನಪ್ಪನೂ ಹೀಗೇ ಹಣೆಗೆ ದೀಪ ಕಟ್ಟಿಕೊಂಡು ನೆಲದ ಕೆಳಗೆ ಇಳಿಯುತ್ತಾನೆ," ಎಂದ. "ನಮ್ಮ ಊರಿನ ಚರಂಡಿಗಳು ದೊಡ್ಡವು. ಕಟ್ಟಿಕೊಂಡ ಕಡೆ ಇಳಿದು ಹೊಲಸು ತೆಗೆಯುವುದು ಅವನ ಕೆಲಸ." ನಮ್ಮಲ್ಲಿ ಅಪ್ಪ ಬ್ಯಾಂಕಿನಲ್ಲಿದ್ದಾರೆ ಎನ್ನುತ್ತೇವಲ್ಲ, ಆ ದನಿಯಲ್ಲಿ ಹೇಳಿದ.

ಜೀಪು ಹೊರಟ ಮೇಲೆ ಏನಂದ ಎಂದು ಖಾಜಾಸಾಬ್ ಕೇಳಿದರು. "ಅವರಪ್ಪನೂ ನೆಲದ ಕೆಳಗೆ ಇಳಿದು ಕೆಲಸ ಮಾಡ್ತಾರಂತೆ, ಆದರೆ ಗಣಿಯಲ್ಲ..."

"ನೆಲದ ಕೆಳಗ ಬಂಗಾರ ಬಿಟ್ರ ಮತ್ತೇನೈತ್ರಿ?" ಎಂದು ನನ್ನ ಮಾತಿನ ನಡುವೆಯೇ ಹಾರ್ನ್ ಹೊಡೆದು ಲಾರಿಯೊಂದನ್ನು ಹಿಂದಿಕ್ಕಿದರು. ಮುಂದಿನ ಊರು ಮುಟ್ಟುವಷ್ಟರಲ್ಲಿ ಅವರ ಬಾಯಲ್ಲಿ ಪೀಟರ್ ಬಂಗಾರದ ಗಣಿಯವರ ಮಗನಾಗಿದ್ದ.

ಹೆಸರು ಬರೆಯದ ಊರು

ಸಂತೆಕಲ್ಲೂರು ದಾಟಿ ಎರೆಹೊಲಗಳ ನಡುವೆ ಒಳಗೆ ಹೋದರೆ ಸಿಗುವ ಊರು. ಹೆಸರು ಬರೆಯುವುದಿಲ್ಲ. ಅಂದಿನವರು ಕೆಲವರು ಅಲ್ಲಿ ಈಗಲೂ ಇದ್ದಾರೆ.

ನಾವು ಇಳಿದುಕೊಂಡದ್ದು ಜೋಳ, ತೊಗರಿ ಬೆಳೆಯುವ ದೊಡ್ಡ ಜಮೀನುದಾರ ಅಮರೇಶಪ್ಪನವರ ಮನೆಯಲ್ಲಿ. ಅವರ ತಾಯಿ ಬಸಮ್ಮ ಹಣೆ ತುಂಬ ವಿಭೂತಿ ಧರಿಸಿದ ಮುದುಕಿ. ಇಷ್ಟಲಿಂಗ ಪೂಜೆ ಮುಗಿಯದೆ ಒಂದು ಹನಿ ನೀರೂ ಕುಡಿಯುವವರಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನನ್ನನ್ನು ನಿಲ್ಲಿಸಿ, "ನಿಮ್ಮದು ಯಾವ ಮಂದಿರೀ?" ಎಂದು ಕೇಳಿದರು. ಹೇಳಿದೆ. ತಲೆಯಾಡಿಸಿ ಒಳಗೆ ಕರೆದರು. ಡೆನ್ಮಾರ್ಕಿನವರನ್ನು ಕೇಳಲಿಲ್ಲ. "ಬಿಳೇ ಮಂದಿಗೆ ಎಲ್ಲೀ ಜಾತಿ? ಅದರಾಗ ಈ ಹುಡುಗ ಬಂಗಾರದ ಮನಿಯಾಂವ," ಎಂದು ಪೀಟರನನ್ನು ಒಲೆಯ ಪಕ್ಕಕ್ಕೇ ಕೂರಿಸಿಕೊಂಡರು.

ಬೆಳಿಗ್ಗೆ ಅವನಿಗೆ ರೊಟ್ಟಿ ಬಡಿಯುವ ಪಾಠವಾಯಿತು. ಜೋಳದ ಹಿಟ್ಟು ಅವನ ಮಾತು ಕೇಳಲೇ ಇಲ್ಲ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು.

"ಇದು ರೊಟ್ಟಿನೋ ಯಪ್ಪಾ, ನಿಮ್ಮ ದೇಶದ ನಕ್ಷಿನೋ?" ಎಂದು ಬಸಮ್ಮ ಬಿದ್ದು ಬಿದ್ದು ನಕ್ಕರು. ಸುಟ್ಟು ಮಗನ ತಾಟಿಗೇ ಹಾಕಿದರು. ಅಮರೇಶಪ್ಪ ಗುರೆಳ್ಳು ಪುಡಿ ಹಚ್ಚಿಕೊಂಡು ಅಂಥವು ಎರಡು ತಿಂದು, "ನಕ್ಷಿ ಚಲೋ ಐತಿ, ಇನ್ನೊಂದು ಹಾಕು," ಎಂದರು. ಮನೆ ತುಂಬ ನಗು. ಅವರು ಒಳ್ಳೆಯ ಆತಿಥೇಯರಾಗಿದ್ದರು. ಮುಂದಿನದನ್ನು ಓದುವಾಗ ಅದೂ ನೆನಪಿರಲಿ.

ಹಳ್ಳ

ಶಿವರಾತ್ರಿ ಕಳೆದಿತ್ತು. ಊರ ಹಳ್ಳದಲ್ಲಿ ನೀರಿರಲಿಲ್ಲ, ಬರೀ ಮರಳು. ಆದರೆ ಮರಳಿನ ಕೆಳಗೆ ನೀರು ಮೆಲ್ಲಗೆ ಹರಿಯುತ್ತಿರುತ್ತದೆ. ಗುಂಡಿ ತೋಡಿದರೆ ಜಿನುಗಿ ತುಂಬಿಕೊಳ್ಳುತ್ತದೆ. ಅದೇ ಒರತೆ. ಅವರ ಬಾಯಲ್ಲಿ ವರ್ತಿ. ಪ್ರತಿ ಒರತೆಗೂ ದನ ನುಗ್ಗದಂತೆ ಜಾಲಿಕಂಟಿಯ ಬೇಲಿ.

ಅಮರೇಶಪ್ಪ ದಂಡೆಯ ಮೇಲೆ ನಿಂತು ತೋರಿಸಿದ್ದರು. "ಮ್ಯಾಲಿಂದು ನಮ್ಮದು. ಅದರ ಕೆಳಗ ಉಳಿದ ಮಂದಿದು. ಅಲ್ಲಿ ಬ್ರಿಜ್ಜಿನ ಕೆಳಗ ಕೇರಿಯವರದು." ಯಾಕೆ ಹಾಗೆ ಎಂದು ಕರೀನ್ ನನ್ನಿಂದ ಕೇಳಿಸಿದರು. "ಮೊದಲಿಂದ ಹಂಗ ಐತ್ರಿ," ಎಂದರು. ಮೇಲಿನವರು ಮುಟ್ಟಿದ ನೀರು ಕೆಳಗಿನವರಿಗೆ ಹೋಗಬಹುದು. ಕೆಳಗಿನವರು ಮುಟ್ಟಿದ್ದು ಮೇಲಕ್ಕೆ ಬರುವಂತಿಲ್ಲ. ಮರಳೇ ಅಲ್ಲಿ ಕಾವಲುಗಾರ.

ನಮ್ಮ ವಿದ್ಯಾರ್ಥಿಗಳೂ ಒಂದು ಒರತೆ ತೋಡಬೇಕಿತ್ತು. ನೀರು ಮೊಗೆಯುವವರಿಗೆ ಅಡ್ಡಿಯಾಗದಿರಲಿ ಎಂದು ಕರೀನ್ ಎಲ್ಲಕ್ಕಿಂತ ಮೇಲುಗಡೆಯ ಜಾಗ ಆರಿಸಿದರು. ಅಮರೇಶಪ್ಪನವರೂ ಒಪ್ಪಿ, ತಮ್ಮ ಮನೆಯ ಸಲಿಕೆ ಕೊಟ್ಟು ಹೋದರು. ಅತಿಥಿಗಳು, ಬಂಗಾರದ ಮಂದಿ, ತೋಡಿಕೊಳ್ಳಲಿ.

ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತು. ಕೇರಿಯ ದುರ್ಗಮ್ಮ ಎರಡು ಖಾಲಿ ಕೊಡ ಹಿಡಿದು ಬ್ರಿಜ್ಜಿನ ಕಡೆ ಹೊರಟವಳು ಇವರ ತೋಡಾಟ ನೋಡಿ ದಂಡೆಯ ಮೇಲೆ ಕುಳಿತಳು. ಮರಳಿಗೆ ಇಳಿಯಲಿಲ್ಲ.

"ಏ ಕೆಂಪು ತಮ್ಮಾ, ಹಂಗ ನೆಟ್ಟಗ ತೋಡಿದ್ರ ಕುಸೀತೈತಿ. ಬಟ್ಟಲದಂಗ ಅಗಲ ಮಾಡು!"

ನಾನು ಅನುವಾದಿಸಿದೆ. ಪೀಟರ್ ಅಗಲ ಮಾಡಿದ. ನೀರು ಕಂಡಿತು. ರಾಡಿಯನ್ನು ಮೊಗೆದು ಚೆಲ್ಲಿದ ಮೇಲೆ ತಳ ಕಾಣುವಷ್ಟು ತಿಳಿಯಾಯಿತು. ಅವನಿಗೆ ಆದ ಸಂತೋಷ ನೋಡಬೇಕಿತ್ತು. ಕಲಿಸಿದವಳಿಗೇ ಮೊದಲ ನೀರು ಎಂದ.

"ಒಲ್ಲೆರೀ ಅಕ್ಕಾರ," ಎಂದು ದುರ್ಗಮ್ಮ ನನಗೆ ಹೇಳಿದಳು. "ನಂದು ಕೆಳಗೈತಿ."

ಅವಳು ಹೇಳಿದ್ದನ್ನು ಹಾಗೆಯೇ ಹೇಳಿದೆ. ಬೇಡವಂತೆ, ತನ್ನದು ಕೆಳಗಿದೆಯಂತೆ. ಅವನು ಅದನ್ನು ಸಂಕೋಚ ಎಂದುಕೊಂಡ. ವಯಸ್ಸಾದವಳು, ಅಷ್ಟು ದೂರದಿಂದ ಯಾಕೆ ಹೊರಬೇಕು ಎಂದುಕೊಂಡ. ನಾಲ್ಕು ಹೆಜ್ಜೆಯಲ್ಲಿ ದಂಡೆ ಹತ್ತಿ, ಅವಳ ಪಕ್ಕದಲ್ಲಿದ್ದ ಒಂದು ಕೊಡ ಎತ್ತಿಕೊಂಡು ಬಂದು ಒರತೆಗೆ ಅದ್ದಿದ.

ಗುಳುಗುಳು.

"ಬ್ಯಾಡೋ! ಬ್ಯಾಡೋ ಯಪ್ಪಾ!"

ಕೆಳಗಿನ ಒರತೆಯಲ್ಲಿ ಬಗ್ಗಿ ನೀರು ಮೊಗೆಯುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಅವರಲ್ಲೊಬ್ಬಳು ಕೊಡ ಅಲ್ಲಿಯೇ ಬಿಟ್ಟು ಊರ ಕಡೆ ಓಡಿದಳು.

ಖಾಜಾಸಾಬ್ ಜೀಪಿನಿಂದ ಇಳಿದು ಬಂದರು. "ಮೇಡಮ್ಮಾರ, ಎಲ್ಲಾರೂ ಗಾಡಿ ಹತ್ರಿ. ಜಲ್ದಿ."

ಏನಾಯಿತೆಂದು ಕರೀನ್ ಅವರಿಗೆ ಹೇಳಿದೆ. ಕೇಳಿದ ಮೇಲೆ ಅವರು ಮರಳಿನಲ್ಲಿ ಇನ್ನಷ್ಟು ಕಾಲೂರಿ ನಿಂತರು. "ಅವಳನ್ನು ಒಬ್ಬಳೇ ಬಿಟ್ಟು ಹೋಗುವುದಿಲ್ಲ." ದುರ್ಗಮ್ಮ ಅಷ್ಟರಲ್ಲಿ ಮರಳಿಗೆ ಇಳಿದಿದ್ದಳು. ತುಂಬಿದ ಕೊಡದಿಂದ ಒಂದು ಮಾರು ದೂರ ನಿಂತು ಅದನ್ನೇ ನೋಡುತ್ತಿದ್ದಳು. ಮುಟ್ಟಿದರೂ ತಪ್ಪು, ಬಿಟ್ಟರೂ ತಪ್ಪು ಎನ್ನುವ ಹಾಗೆ.

ಜನ ಬಂದರು. ಮುಂದೆ ಅಮರೇಶಪ್ಪ. ಹಿಂದೆ ಬಂದವರ ಕೈಯಲ್ಲಿ ಬಡಿಗೆ. ನನ್ನನ್ನು ಹೆದರಿಸಿದ್ದು ಬಡಿಗೆಗಳಿಗಿಂತ ಅವರು ಮಾತಾಡದೆ ಬಂದದ್ದು.

"ಹುಡುಗಗ ಹೇಳ್ರಿ," ಎಂದರು ಅಮರೇಶಪ್ಪ ನನಗೆ, ಮೆತ್ತಗೆ. "ಅಂವ ಹೆದರೂದು ಬ್ಯಾಡ. ಗೊತ್ತಿಲ್ದ ಮಾಡ್ಯಾನ." ಆಮೇಲೆ ದುರ್ಗಮ್ಮನತ್ತ ತಿರುಗಿದರು. "ಏನಬೇ, ಮ್ಯಾಲ ಬಂದು ತುಂಬೂವಷ್ಟು ಧೈರ್ಯ ಆತೇನು?"

"ನಾ ಅದ್ದಿಲ್ರೀ ಗೌಡ್ರ. ದಂಡಿ ಮ್ಯಾಲ ಕುಂತಿದ್ದೆ."

"ಕೊಡ ನಿಂದೈತಿಲ್ಲೋ?"

"ನಂದ ಐತ್ರಿ."

"ಮುಗೀತಲ್ಲ. ನಾಳಿಂದ ಕೇರಿ ಮಂದಿ ಹಳ್ಳಕ್ಕ ಇಳಿಯಂಗಿಲ್ಲ."

"ಬ್ಯಾಸಗಿ ಪೂರಾ ಬಾಕಿ ಐತ್ರಿ ಯಪ್ಪಾ! ಕೂಸುಗಳಿಗೆ ಏನ್ ಕುಡಸೂಣ?"

ಬ್ರಿಜ್ಜಿನ ಕಡೆಯಿಂದ ಅವಳ ಮಗ ಹನುಮಂತ ಬಂದ. ಹೆಗಲ ಮೇಲೆ ಗುದ್ದಲಿ, ಹಿಂದೆ ಕೇರಿಯ ಗಂಡಸರು. ಈಗ ಹಳ್ಳದಲ್ಲಿ ಎರಡು ಗುಂಪು, ನಡುವೆ ನಾವು ಮತ್ತು ಒಂದು ತುಂಬಿದ ಕೊಡ.

ಕರೀನ್ ನನ್ನ ತೋಳನ್ನು ಬಿಗಿಯಾಗಿ ಹಿಡಿದರು. ಭಯಕ್ಕಲ್ಲ, ಸಿಟ್ಟಿಗೆ. "ಇದು ಅವರದೇ ಕಾನೂನಿನ ಪ್ರಕಾರ ಅಪರಾಧ ಎಂದು ಹೇಳು. ನಾನು ಪೊಲೀಸರಿಗೆ ದೂರು ಕೊಡುತ್ತೇನೆ ಎಂದು ಹೇಳು."

ಹೇಳಿದೆ. ಕೂಡಿಸಲಿಲ್ಲ, ಕಳೆಯಲಿಲ್ಲ.

"ಕಾಯ್ದೆ ಹೇಳಾಕ ಬಂದಾರಪಾ!" ಎಂದ ಹಿಂದಿನಿಂದ ಒಬ್ಬ. "ಪೊಲೀಸ್ರು ಬರ್ತಾರ, ಚಾ ಕುಡೀತಾರ, ಹೋಗ್ತಾರ!" ಎಲ್ಲಿಂದಲೋ ಒಂದು ಕಲ್ಲು ಹಾರಿ ಬಂದು ಜೀಪಿನ ಗಾಜು ಪುಡಿಯಾಯಿತು. ವಿದ್ಯಾರ್ಥಿನಿಯೊಬ್ಬಳು ಚೀರಿದಳು. ಹನುಮಂತ ಗುದ್ದಲಿಯನ್ನು ಹೆಗಲಿನಿಂದ ಕೈಗೆ ಇಳಿಸಿಕೊಂಡ. ಅವನು ಅದನ್ನು ಹಿಡಿದಿದ್ದ ರೀತಿ ಮಣ್ಣು ಅಗೆಯುವವರದ್ದಾಗಿರಲಿಲ್ಲ.

ದುರ್ಗಮ್ಮ ನನ್ನ ಬೆನ್ನ ಹಿಂದೆ ಬಂದು ಪಿಸುಗುಟ್ಟಿದಳು. "ಅಕ್ಕಾರ, ನೀವು ಸಂಜಿಗೆ ಹೋಗ್ತೀರಿ. ನಾ ಇಲ್ಲೇ ಇರಾಕಿ. ಬಾಯಿ ಸಣ್ಣ ಮಾಡ್ರಿ."

ಅಮರೇಶಪ್ಪ ಕೈ ಎತ್ತಿ ತಮ್ಮವರನ್ನು ತಡೆದರು. "ಅತಿಥಿಗಳ ಮ್ಯಾಲ ಕಲ್ಲು ಒಗೀಬ್ಯಾಡ್ರಿ. ಇವರು ದೊಡ್ಡ ಮಂದಿ. ಈ ಹುಡುಗನ ಕೈ ಮುಟ್ಟಿದ್ರ ವರ್ತಿ ಕೆಡಂಗಿಲ್ಲ. ಕೆಟ್ಟದ್ದು ಆಕಿ ಕೊಡದಿಂದ. ಅದನ್ನ ಹುಡುಗಗ ತಿಳಿಸಿ ಹೇಳ್ರಿ, ನಡೀರಿ ನೀವು."

ಪೀಟರನಿಗೆ ಹೇಳಿದೆ. ಅವನು ಮರಳು ಮೆತ್ತಿದ ತನ್ನ ಕೈಗಳನ್ನು ನೋಡಿಕೊಂಡ. ನಂತರ ನಿಧಾನವಾಗಿ, ನನಗೆ ಒಂದು ಪದವೂ ತಪ್ಪದಂತೆ ಹೇಳಿದ. "ನನ್ನಪ್ಪ ಊರಿನ ಮಲ ಹರಿಯುವ ಚರಂಡಿಗೆ ಇಳಿದು ಸ್ವಚ್ಛ ಮಾಡುವವನು. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ರಜೆಯಲ್ಲಿ ನಾನೂ ಇಳಿದಿದ್ದೇನೆ. ಅವಳ ಕೊಡ ಕೊಳಕಾದರೆ ನನ್ನ ಕೈ ಅದಕ್ಕಿಂತ ಕೊಳಕು. ಹೇಳು."

"ಎಲ್ಲವನ್ನೂ ಹೇಳು," ಎಂದರು ಕರೀನ್.

"ಏನಂತಾನ?" ಎಂದರು ಖಾಜಾಸಾಬ್ ನನ್ನ ಕಿವಿಯಲ್ಲಿ. "ಏನಾರ ಅನ್ಲಿ, ನೀವು ಚಲೋ ಮಾತು ಹೇಳ್ರಿ."

ನಾನು ಈಗಲೂ ಮತ್ತೆ ಮತ್ತೆ ನಿಲ್ಲುವುದು ಇಲ್ಲಿಯೇ. ಹುಡುಗ ಕ್ಷಮೆ ಕೇಳುತ್ತಿದ್ದಾನೆ ಎಂದಿದ್ದರೆ ಸಾಕಾಗಿತ್ತು. ಗಾಡಿ ಹತ್ತಬಹುದಿತ್ತು. ಕೇರಿಯ ಒರತೆ ಮುಚ್ಚುತ್ತಿತ್ತು. ಅವನು ಹೇಳಿದ್ದನ್ನೇ ಹೇಳಿದರೆ? ಅವನು ಕುಳಿತ ಒಲೆ, ಅವನು ಮುಟ್ಟಿದ ಹಿಟ್ಟು, ಅಮರೇಶಪ್ಪ ತಿಂದ ರೊಟ್ಟಿ. ಆ ಬಡಿಗೆಗಳು ಯಾರ ಮೇಲೆ ಏಳುತ್ತವೆ? ಅವನ ಮೇಲೋ, ದುರ್ಗಮ್ಮನ ಮೇಲೋ? ಕೊಡದ ಹೊರಮೈಯಿಂದ ನೀರು ತೊಟ್ಟಿಕ್ಕಿ ಮರಳಲ್ಲಿ ಇಂಗುತ್ತಿತ್ತು.

ಅವನು ಹೇಳಿದ್ದನ್ನೇ ಹೇಳಿದೆ.

ಅಮರೇಶಪ್ಪ ಪೀಟರನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಎರಡು ಹೆಜ್ಜೆ ಮುಂದೆ ಇಟ್ಟರು. ಹನುಮಂತನೂ ಇಟ್ಟ.

"ಅಮರೇಶಾ."

ಗುಂಪನ್ನು ಸರಿಸಿಕೊಂಡು ಬಸಮ್ಮ ಬಂದರು, ಉಸಿರು ಬಿಡುತ್ತ. "ಮುಂಜಾನೆ ನಕ್ಷಿ ರೊಟ್ಟಿ ಯಾರು ತಿಂದ್ರು?"

"ಯವ್ವಾ, ನೀ ಸುಮ್ಕಿರು."

"ನಾ ಸುಮ್ಕಿರ್ತೀನಪಾ. ಹೊಟ್ಟಿಯಾಗಿಂದು ಸುಮ್ಕಿರ್ತೈತೇನು? ವರ್ತಿ ಮುಚ್ಚಸ್ತೀ, ಮುಚ್ಚಸು. ಹಂಗಾರ ಒಲಿ ಕೆಡವು. ತಾಟು ಒಗಿ. ಅಂವನ ಬಾಜೂ ಕುಂತು ಹಿಟ್ಟು ನಾದೀನಿ, ನನ್ನನ್ನೂ ಹೊರಗ ಹಾಕು. ಊರಿಗೆ ಡಂಗುರ ಹೊಡಸು, ನಮ್ಮ ಮನಿ ಕೆಟ್ಟೈತಿ ಅಂತ."

ಗುಂಪಿನ ಹಿಂದುಗಡೆ ಯಾರೋ, "ಗೌಡ್ರು ಎರಡು ತಿಂದಾರಂತ," ಎಂದರು. ಒಬ್ಬ ನಕ್ಕ. ಇನ್ನೊಬ್ಬ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡ. ಆ ನಗು ಕಲ್ಲಿಗಿಂತ ಅಪಾಯದ್ದು ಎಂದು ನನಗೆ ಒಂದು ಗಳಿಗೆ ಅನಿಸಿತು. ಅಮರೇಶಪ್ಪ ಗಿರಕ್ಕನೆ ತಿರುಗಿದರು. ನಕ್ಕವರು ನೆಲ ನೋಡಿದರು.

"ಇಲ್ಲಿ ಏನೂ ಆಗಿಲ್ಲ," ಎಂದರು. ಒಂದೊಂದು ಮಾತನ್ನೂ ಕಚ್ಚಿ. "ಯಾರೂ ಏನೂ ಕೇಳಿಲ್ಲ. ಹುಡುಗ್ರು ಹಳ್ಳದಾಗ ಆಟ ಆಡ್ಯಾರ. ತಗ್ಗು ಮುಚ್ರಿ. ಕೆಳಗಿಂದು ಎಲ್ಲಾ ಇದ್ದಂಗ ಇರ್ಲಿ." ನನ್ನ ಮುಖ ನೋಡದೆ ಹೇಳಿದರು. "ಹೊತ್ತು ಮುಳುಗೂಕ ಮುಂಚೆ ಊರು ಬಿಡ್ರಿ."

ಪೀಟರ್ ತಾನು ತೋಡಿದ್ದನ್ನು ತಾನೇ ಮುಚ್ಚಿದ. ಅವನು ಮರಳೆಳೆಯುತ್ತಿರುವಾಗ ದುರ್ಗಮ್ಮ ಬಂದು ಕೊಡವನ್ನು ಎತ್ತಿದಳು. ಅದೇ ಗುಂಡಿಗೆ ಬಗ್ಗಿಸಿದಳು, ಕೊನೆಯ ಹನಿಯವರೆಗೆ. ಖಾಲಿ ಕೊಡಗಳೆರಡನ್ನೂ ಹಿಡಿದುಕೊಂಡು ಬ್ರಿಜ್ಜಿನ ಕೆಳಗೆ ತನ್ನ ಒರತೆಗೆ ನಡೆದಳು. ಯಾರೂ ತಡೆಯಲಿಲ್ಲ. ಹನುಮಂತ ಮಾತ್ರ ಅವಳು ತುಂಬಿಕೊಳ್ಳುವವರೆಗೆ ಗುದ್ದಲಿ ಕೆಳಗಿಡಲಿಲ್ಲ.

ಮಸ್ಕಿ

ಒಡೆದ ಗಾಜಿನಿಂದ ಬರುವ ಧೂಳು ತಿನ್ನುತ್ತ ಮಸ್ಕಿ ಸೇರಿದೆವು. ನಮ್ಮನ್ನು ಇಳಿಸಿ ಖಾಜಾಸಾಬ್ ಲಿಂಗಸೂಗೂರಿಗೆ ಹೊರಟರು. ಜೀಪಿನಲ್ಲಿ ಅಮರೇಶಪ್ಪನವರ ಸಲಿಕೆ ಉಳಿದುಬಿಟ್ಟಿತ್ತು. ನಾಳೆ ಕೊಟ್ಟು ಬರುತ್ತೇನೆ ಎಂದರು. ಬೇಡ ಎಂದು ನಾನು ಹೇಳಿದೆ. "ಅವರ ಸಲಿಕಿ ನಮ್ಮ ಹತ್ರ ಇರಬಾರದ್ರಿ," ಎಂದರು.

ಬೆಳಿಗ್ಗೆ ಗುಡ್ಡದ ಬುಡದಲ್ಲಿ ಹಳೆಯ ರಾಜನೊಬ್ಬ ಕೆತ್ತಿಸಿದ ಬಂಡೆ ನೋಡಲು ಹೋದೆವು. ಎರಡು ಸಾವಿರ ವರ್ಷ ಮೀರಿದ ಅಕ್ಷರ. ನಮ್ಮಲ್ಲಿ ಯಾರಿಗೂ ಓದಲು ಬರುವುದಿಲ್ಲ. ಬೇರೆ ದಿನವಾಗಿದ್ದರೆ ಕರೀನ್ ಅದರ ಮೇಲೆ ಒಂದು ತಾಸು ಪಾಠ ಮಾಡುತ್ತಿದ್ದರು. ಅಂದು ವಿದ್ಯಾರ್ಥಿಗಳನ್ನು ಬಂಡೆಯ ನೆರಳಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳಿದರು. "ನಾವು ಹೊರಟ ಮೇಲೆ ದುರ್ಗಮ್ಮನಿಗೆ ಏನಾಗಿರಬಹುದು?"

ನಾಲ್ವರೂ ಕಾಲಬಳಿಯ ಒಣಹುಲ್ಲು ಕಿತ್ತರು.

"ಅವಳು ನೀರು ಯಾಕೆ ಚೆಲ್ಲಿದಳು?" ಎಂದು ಪೀಟರ್ ನನ್ನನ್ನು ಕೇಳಿದ. ಅವನ ಪಾಠವೆಲ್ಲ ಹನಿ ನೀರನ್ನೂ ಉಳಿಸುವ ಕುರಿತು.

ಮಧ್ಯಾಹ್ನದವರೆಗೆ ಪ್ರತಿ ಜೀಪಿನ ಸದ್ದಿಗೂ ನಾನು ರಸ್ತೆಗೆ ಬಂದೆ. ಖಾಜಾಸಾಬ್ ಬಂದಾಗ ಮುಂದಿನ ಗಾಜಿನ ಜಾಗದಲ್ಲಿ ಏನೂ ಇರಲಿಲ್ಲ. ಟವೆಲ್ಲನ್ನು ಮುಖಕ್ಕೆ ಸುತ್ತಿಕೊಂಡಿದ್ದರು, ಕಣ್ಣು ಮಾತ್ರ ಕಾಣುತ್ತಿತ್ತು. "ಹತ್ರಿ, ಸಿಂಧನೂರಿನ್ಯಾಗ ಚಾ ಕುಡದು ಹೇಳ್ತೀನಿ. ಗಂಟಲದಾಗ ಧೂಳು ಐತಿ." ಆ ದಾರಿಯಷ್ಟು ಉದ್ದದ ದಾರಿ ನಾನು ಹೋಗಿಲ್ಲ.

ಸಿಂಧನೂರು

ಕರಿ ಎರೆಯ ಒಣ ಸೀಮೆ ಒಂದು ಕಡೆ ನಿಂತುಬಿಡುತ್ತದೆ. ಕಾಲುವೆ ದಾಟಿದರೆ ಹಸಿರು. ಕಣ್ಣು ಹೋದಷ್ಟೂ ಭತ್ತ, ಬದುವಿನಲ್ಲಿ ಕೊಕ್ಕರೆ, ತೆಲುಗು ಬೆರೆತ ಮಾತು, ರಸ್ತೆಯ ಮೇಲೇ ತುಳುಕುವ ನೀರು. ಕೆಲವು ಗದ್ದೆಗಳ ಅಂಚಿನಲ್ಲಿ ನೆಲ ಬೆಳ್ಳಗೆ ಉಪ್ಪೇರಿತ್ತು. ನೀರು ಹೆಚ್ಚಾಗಿ ಸವಳಾದ ಭೂಮಿ. ನಿನ್ನೆ ಒಂದು ಕೊಡಕ್ಕೆ ಜೀವ ಹೋಗುವುದರಲ್ಲಿತ್ತು. ಇಲ್ಲಿ ನೀರೇ ನೆಲವನ್ನು ತಿನ್ನುತ್ತಿತ್ತು.

ಕಾಲುವೆಯ ಪಕ್ಕದ ಗೂಡಂಗಡಿಯಲ್ಲಿ ಖಾಜಾಸಾಬ್ ಚಹಾ ಮುಗಿಸಿದರು. ಎಲ್ಲರೂ ಅವರ ಬಾಯನ್ನೇ ನೋಡುತ್ತಿದ್ದೆವು.

"ಗೌಡ್ರು ಸಲಿಕಿ ಇಸ್ಕೊಂಡ್ರು. ಮಾತಾಡಲಿಲ್ಲ. ಅಜ್ಜಿ ಮಜ್ಜಿಗಿ ಕೊಟ್ಳು, ನನಗ ಬ್ಯಾರೆ ಗಿಲಾಸಿನ್ಯಾಗ, ಯಾವಾಗಿನಂಗ. ಕೆಂಪು ಹುಡುಗ ಚಂದ ಹೋಗಿ ಮುಟ್ಟಿದನೇನು ಅಂತ ಕೇಳಿದ್ಳು. ಅವನ ರೊಟ್ಟಿ ನಡುವ ಹಸೀ ಇತ್ತಂತ, ಮುಂದಿನ ಸಲ ಬಂದ್ರ ಕಲಸ್ತಾಳಂತ."

"ದುರ್ಗಮ್ಮ?" ಎಂದೆ.

"ಬ್ರಿಜ್ಜಿನ ಮ್ಯಾಲ ಗಾಡಿ ನಿಲ್ಲಿಸಿ ನೋಡಿದ್ನಿ. ನಿಮ್ಮ ತಗ್ಗು ಎಲ್ಲಿತ್ತು ಅಂತನೂ ಗೊತ್ತಾಗಂಗಿಲ್ಲ. ಕೆಳಗ ಕೇರಿ ಹೆಣಮಕ್ಕಳು ನೀರು ತುಂಬಾಕತ್ತಿದ್ರು. ಆಕಿನೂ ಇದ್ಳು. ಮಗ ದಂಡಿ ಮ್ಯಾಲ ಕುಂತಿದ್ದ, ಕಾವಲ."

ಲೋಟ ಕೆಳಗಿಟ್ಟೆ. ಹೇಳಿದೆ ಎಲ್ಲರಿಗೂ. ವಿದ್ಯಾರ್ಥಿನಿಯರಿಬ್ಬರು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಮಗ ಇವತ್ತು ಕಾವಲು ಕೂತಿದ್ದಾನೆ, ನಾಳೆ, ನಾಡಿದ್ದು?

"ಆಕಿ ನನ್ನ ಗುರುತು ಹಿಡದು ಮ್ಯಾಲ ನೋಡಿ ಒಂದು ಮಾತು ಹೇಳ್ಯಾಳ," ಎಂದರು ಖಾಜಾಸಾಬ್. "ಆ ಮಂದಿಗೆ ಹೇಳು, ಮತ್ತ ಬಂದ್ರ ಮ್ಯಾಲ ತೋಡಬ್ಯಾಡ್ರಿ. ನಮ್ಮ ವರ್ತಿ ಕೆಳಗ ತೋಡ್ರಿ. ನಾವು ಮುಟ್ಟಿ ಬಿಟ್ಟ ನೀರು ಕುಡದು ನೋಡ್ರಿ."

ಕೂಡಿಸದೆ, ಕಳೆಯದೆ ಇಂಗ್ಲಿಷಿನಲ್ಲಿ ಹೇಳಿದೆ. ಪೀಟರ್ ನಕ್ಕ. ಆಮೇಲೆ ಅವನ ನಗು ಅರ್ಧಕ್ಕೆ ನಿಂತಿತು. "ತಮಾಷೆಗೆ ಹೇಳಿದಳೋ, ಸಿಟ್ಟಿನಲ್ಲಿ ಹೇಳಿದಳೋ?"

ಕೇಳಿದೆ. "ಅದನ್ನ ಕೇಳಾಕ ಮತ್ತ ಹೋಗಬೇಕಾಗ್ತೈತ್ರಿ," ಎಂದರು ಖಾಜಾಸಾಬ್, ಲೋಟ ತೊಳೆದಿಡುತ್ತ.

ಕರೀನ್ ವಿದ್ಯಾರ್ಥಿಗಳತ್ತ ನೋಡಿದರು. "ಅವಳು ಬಿಟ್ಟ ನೀರು ಕುಡಿಯುತ್ತೀರಾ?" ಎಂದು ನಾಲ್ವರನ್ನೂ ಕೇಳಿದರು. ನಾಲ್ವರೂ ಯೋಚಿಸದೆ ಹೌದೆಂದು ತಲೆಯಾಡಿಸಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ನೀನು?" ಎಂದರು.

ಬಸಮ್ಮನ ಹೊಸ್ತಿಲಲ್ಲಿ ಕೇಳಿದ ತಕ್ಷಣ ನನ್ನ ಮಂದಿ ಯಾರೆಂದು ಹೇಳಿ ಒಳಗೆ ಹೋದವಳು ನಾನು. ಕರೀನ್ ಈಗ ಕೇಳಿದ್ದು ನನ್ನನ್ನೇ, ಅದನ್ನು ಅನುವಾದಿಸಿ ದಾಟಿಸಲು ಅಲ್ಲಿ ಬೇರೆ ಯಾರೂ ಇರಲಿಲ್ಲ.